ಟಾರು ಮುಗಿದ ಮೇಲೆ: ಎರಡು ನೆಲದ ಮೋಟಾರು ಸೈಕಲ್ಲಿನ ಕತೆ

(ಮದೀನತ್ ಜಾಯೆದ್‌ನ ಕನ್ನಡಿಗರ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಬುಧಾಬಿಯಿಂದ ಕರಾವಳಿಯ ಇ-11 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟು, ತರೀಫ್ ಬಳಿ ದಕ್ಷಿಣಕ್ಕೆ ತಿರುಗಿ ಇ-45 ಹಿಡಿದರೆ ಈ ಊರು ಸಿಗುತ್ತದೆ. ಅದೇ ರಸ್ತೆ ಮುಂದುವರಿದು ಲಿವಾದ ಖರ್ಜೂರದ ತೋಟಗಳನ್ನು ಮುಟ್ಟುತ್ತದೆ. ಅಲ್ಲಿಂದಾಚೆಗೆ ರುಬ್ ಅಲ್ ಖಾಲಿ. ಬಿದಾ ಜಾಯೆದ್ ಎಂಬ ಹಳೆಯ ಹೆಸರಿನ ಈ ಊರನ್ನು ಕಟ್ಟಿದ್ದು ಅಲ್ ದಫ್ರಾ ಸೀಮೆಯ ಅಲೆಮಾರಿ ಬದುಗಳನ್ನು ಒಂದೆಡೆ ನೆಲೆಗೊಳಿಸುವುದಕ್ಕಾಗಿ. ಅಲೆಯುವ ಜನರನ್ನು ನಿಲ್ಲಿಸುವುದಕ್ಕೆ ಮನೆಯಷ್ಟೇ ಸಾಲದು, ರಸ್ತೆಯೂ ಬೇಕು. ಟಾರು ಹಾಕಿದ ಪಟ್ಟಿಯೊಂದು ಮರಳಿನ ಮೇಲೆ ಬಿದ್ದ ದಿನ, ಎಲ್ಲಿ ಬೇಕಾದರೂ ನಡೆಯಬಹುದಾಗಿದ್ದ ನೆಲ ಎರಡಾಗಿ ಒಡೆಯಿತು: ರಸ್ತೆ ಮತ್ತು ರಸ್ತೆಯಲ್ಲದ್ದು. ಇಂದಿನ ಮಾತು ಆ ಎರಡನ್ನೂ ತುಳಿಯಲೆಂದೇ ಹುಟ್ಟಿದ ಒಂದು ಯಂತ್ರದ ಕುರಿತಾದುದು.

ಇಂಥ ಕೂಟಗಳಲ್ಲಿ ಮೋಟಾರು ಸೈಕಲ್ಲು ಉಪನ್ಯಾಸದ ವಿಷಯವಾಗುವುದು ಅಪರೂಪ. ಭೂಮಿ, ಭಾಷೆ, ಜಾತಿ, ಕೋಮುವಾದಗಳ ನಡುವೆ ಬೈಕಿಗೇನು ಕೆಲಸ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಈ ಸಭೆಗೆ ಬಂದವರಲ್ಲಿ ಅರ್ಧದಷ್ಟು ಮಂದಿಯ ಮೊದಲ ಸಂಬಳದ ಕನಸು ಒಂದು ಬೈಕೇ ಆಗಿದ್ದಿರಬೇಕು. ಕನಸುಗಳನ್ನು ಯಾರು ತಯಾರಿಸಿದರು, ಯಾರು ಮಾರಿದರು, ಯಾರು ಅದರ ಬೆಲೆ ತೆತ್ತರು ಎಂಬುದು ರಾಜಕಾರಣದ ಹೊರಗಿನ ಪ್ರಶ್ನೆಯೇನಲ್ಲ.

ರಸ್ತೆಗೂ ಕಾಡುದಾರಿಗೂ ಸಲ್ಲುವ ಈ ಬಗೆಯನ್ನು ಇಂದು ಡ್ಯುಯಲ್ ಸ್ಪೋರ್ಟ್ ಎನ್ನುತ್ತಾರೆ. ಹೆಸರು ಹೊಸದು, ಸಂಗತಿ ಹಳೆಯದು. ಟಾರು ಅಪರೂಪವಾಗಿದ್ದ ಕಾಲದಲ್ಲಿ ಎಲ್ಲ ಮೋಟಾರು ಸೈಕಲ್ಲುಗಳೂ ಎರಡು ನೆಲದ ಬಂಡಿಗಳೇ. ಕೊಡಗಿನ ಕಾಫಿ ತೋಟದ ಕೆಸರು, ಬಯಲುಸೀಮೆಯ ಬಂಡಿಜಾಡು, ಮಲೆನಾಡಿನ ಜಲ್ಲಿ ರಸ್ತೆ ಇವುಗಳಲ್ಲಿ ಓಡಿದ ಬುಲೆಟ್ಟಾಗಲಿ ಜಾವಾ ಆಗಲಿ ತನ್ನನ್ನು ಸಾಹಸದ ವಾಹನವೆಂದು ಕರೆದುಕೊಳ್ಳಲಿಲ್ಲ. ಪಶುವೈದ್ಯ ಇಲಾಖೆಯ ಕಾಂಪೌಂಡರು, ಹಾಲಿನ ಕ್ಯಾನುಗಳನ್ನು ಎರಡೂ ಬದಿಗೆ ಕಟ್ಟಿಕೊಂಡ ಹಾಲಿನವನು, ತೋಟದ ರೈಟರು ಇವರಿಗೆಲ್ಲ ಅದು ದಿನದ ಸವಾರಿಯಾಗಿತ್ತು. ಮಣ್ಣಿನ ದಾರಿಯಲ್ಲಿ ಬೈಕು ಓಡಿಸುವುದು ವಿರಾಮದ ಆಟವಾಗಬೇಕಾದರೆ ಮೊದಲು ಮಣ್ಣಿನ ದಾರಿ ಬದುಕಿನಿಂದ ಮರೆಯಾಗಬೇಕು. ಅಮೆರಿಕದಲ್ಲಿ ಅದು ಮೊದಲು ನಡೆಯಿತು. ಆದ್ದರಿಂದ ಈ ಬಗೆಯ ಬಂಡಿಗೆ ಮಾರುಕಟ್ಟೆಯೂ ಅಲ್ಲೇ ಮೊದಲು ತೆರೆಯಿತು.

1968ರಲ್ಲಿ ಯಮಹಾ ಕಂಪನಿ ಡಿಟಿ-1 ಎಂಬ ಬೈಕನ್ನು ಅಮೆರಿಕದ ಮಾರುಕಟ್ಟೆಗೆ ಬಿಟ್ಟಿತು. 246 ಸಿ.ಸಿ.ಯ ಒಂಟಿ ಸಿಲಿಂಡರಿನ ಎರಡು ಸ್ಟ್ರೋಕಿನ ಎಂಜಿನ್. ತೂಕ ಸುಮಾರು 110 ಕೆ.ಜಿ. ಅದಕ್ಕೂ ಮುಂಚೆ ಯುರೋಪಿನಲ್ಲಿ ಸ್ಕ್ರ್ಯಾಂಬ್ಲರ್ ಎಂಬ ಜಾತಿಯೊಂದಿತ್ತು. ಅವುಗಳಲ್ಲಿ ಹೆಚ್ಚಿನವು ರಸ್ತೆಯ ಬೈಕಿಗೇ ಸೈಲೆನ್ಸರನ್ನು ಮೇಲಕ್ಕೆತ್ತಿ ಕಟ್ಟಿ, ಗುಬುಟು ಗುಬುಟಾದ ಟೈರು ಹಾಕಿದ ಭಾರದ ಬಂಡಿಗಳು. ಡಿಟಿ-1 ಹಾಗಲ್ಲದೆ ಮೂಲದಿಂದಲೇ ಮಣ್ಣಿಗಾಗಿ ರೂಪಿತವಾಗಿದ್ದು, ಮೇಲೆ ದೀಪ, ಹಾರನ್ನು, ನಂಬರ್ ಪ್ಲೇಟುಗಳನ್ನು ಹೊತ್ತುಕೊಂಡು ರಸ್ತೆಗೂ ಅರ್ಹವಾಯಿತು. ವಾರವೆಲ್ಲ ಕಚೇರಿಗೆ ಹೋಗಿಬಂದ ಬೈಕಿನಲ್ಲೇ ಭಾನುವಾರ ಬೆಟ್ಟ ಹತ್ತಬಹುದೆಂಬ ಸರಳ ಆಸೆಗೆ ಅದು ಉತ್ತರವಾಗಿತ್ತು. ಮಿಕ್ಕ ಜಪಾನೀ ಕಂಪನಿಗಳೂ ಅದರ ಬೆನ್ನಿಗೇ ಬಂದವು. 1970ರ ದಶಕದ ನಡುವೆ ಯಮಹಾದ ಎಕ್ಸ್‌ಟಿ-500 ಬಂತು: 499 ಸಿ.ಸಿ., ನಾಲ್ಕು ಸ್ಟ್ರೋಕು, ಒಂದೇ ಸಿಲಿಂಡರು, ಮುಂದೆ 21 ಇಂಚಿನ ಚಕ್ರ. ಶೃಂಗಾರವಿಲ್ಲದ, ಒಂದು ಚೀಲ ಸ್ಪ್ಯಾನರುಗಳಿಂದ ಹಾದಿಬದಿಯಲ್ಲೇ ಬಿಚ್ಚಿ ಜೋಡಿಸಬಹುದಾದ ಯಂತ್ರ. 'ಕ್ಲಾಸಿಕ್' ಎಂಬ ಮಾತಿಗೆ ಈ ಜಾತಿಯಲ್ಲಿ ಅರ್ಹವಾದದ್ದು ಯಾವುದೆಂದು ಕೇಳಿದರೆ ಬಹುಪಾಲು ಮಂದಿ ಇದರ ಕಡೆಗೇ ಬೆರಳು ತೋರುತ್ತಾರೆ.

ಎಕ್ಸ್‌ಟಿ-500ರ ಕೀರ್ತಿ ಮರುಭೂಮಿಯಲ್ಲಿ ಹುಟ್ಟಿತು. ಮರುಭೂಮಿಯ ಅಂಚಿನಲ್ಲೇ ಈ ಸಭೆ ಕುಳಿತಿರುವುದರಿಂದ ಆ ಕತೆಯನ್ನು ಕೊಂಚ ವಿವರವಾಗಿ ಹೇಳಬೇಕು. 1977ರಲ್ಲಿ ಅಬಿಜಾನ್‌ನಿಂದ ನೀಸ್‌ಗೆ ನಡೆದ ರ‍್ಯಾಲಿಯಲ್ಲಿ ತಿಯೆರಿ ಸಬೀನ್ ಎಂಬ ಫ್ರೆಂಚ್ ಸವಾರ ಸಹಾರಾದಲ್ಲಿ ದಾರಿ ತಪ್ಪಿ, ಸಾವಿನ ಬಾಯಿಯಿಂದ ಪಾರಾಗಿ ಬಂದ. ಬದುಕುಳಿದವನು ಮಾಡಿದ ಮೊದಲ ಕೆಲಸ, ಇತರರನ್ನೂ ಅದೇ ಮರಳಿಗೆ ಕರೆದೊಯ್ಯುವ ಸ್ಪರ್ಧೆಯೊಂದನ್ನು ಕಟ್ಟಿದ್ದು. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ 182 ವಾಹನಗಳು ಸೆನೆಗಲ್‌ನ ಡಾಕರ್ ಕಡೆಗೆ ಹೊರಟವು, ತಲುಪಿದ್ದು 74. ಕಾರು, ಬೈಕುಗಳನ್ನು ಆಗ ಬೇರೆ ಬೇರೆಯಾಗಿ ಎಣಿಸುತ್ತಿರಲಿಲ್ಲ. ಎಲ್ಲರಿಗಿಂತ ಮೊದಲಿಗನಾದವನು ಎಕ್ಸ್‌ಟಿ-500 ಏರಿದ್ದ ಸಿರಿಲ್ ನೆವೂ. ಮರುವರ್ಷವೂ ಅವನೇ ಗೆದ್ದ.

ಈ ಗೆಲುವಿನ ಚಿತ್ರಗಳು ಜಗತ್ತನ್ನು ಸುತ್ತಿದವು. ಆ ಚಿತ್ರಗಳಲ್ಲಿ ಮರುಭೂಮಿ ಯಾವಾಗಲೂ ಬರಿದು. ಆದರೆ ಆ ದಾರಿಯಲ್ಲಿ ಊರುಗಳಿದ್ದವು, ಬಾವಿಗಳಿದ್ದವು, ಮೇಕೆಗಳನ್ನು ಹೊಡೆದುಕೊಂಡು ಹೋಗುವ ಮಕ್ಕಳಿದ್ದರು. ವರ್ಷಗಳು ಕಳೆದಂತೆ ಸ್ಪರ್ಧಿಗಳಷ್ಟೇ ಅಲ್ಲ, ರಸ್ತೆಬದಿಯಲ್ಲಿ ನಿಂತು ನೋಡುತ್ತಿದ್ದ ಹಳ್ಳಿಗರೂ ಮಕ್ಕಳೂ ಈ ವಾಹನಗಳಿಗೆ ಸಿಕ್ಕಿ ಸತ್ತರು. ಫ್ರಾನ್ಸ್ ಒಂದು ಕಾಲಕ್ಕೆ ಆಳಿದ್ದ ನಾಡುಗಳ ನಡುವೆ ಫ್ರಾನ್ಸಿನ ರಾಜಧಾನಿಯಿಂದ ಹೊರಟ ಮೆರವಣಿಗೆ ಅದು. ಸ್ವಾತಂತ್ರ್ಯ ಪಡೆದ ನಾಡುಗಳು ಮತ್ತೆ ಯಾರದೋ ಆಟದ ಬಯಲಾದವೆಂಬ ಟೀಕೆ ಫ್ರಾನ್ಸಿನೊಳಗೇ ಕೇಳಿಬಂತು. ಸಬೀನ್ 1986ರಲ್ಲಿ ಅದೇ ರ‍್ಯಾಲಿಯ ನಡುವೆ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ. ಮಾರಿಟೇನಿಯಾದಲ್ಲಿ ಫ್ರೆಂಚ್ ಪ್ರವಾಸಿಗರ ಹತ್ಯೆಯಾದ ಮೇಲೆ 2008ರ ಸ್ಪರ್ಧೆ ರದ್ದಾಯಿತು. 2009ರಿಂದ ದಕ್ಷಿಣ ಅಮೆರಿಕ, 2020ರಿಂದ ಸೌದಿ ಅರೇಬಿಯಾ. ಡಾಕರ್ ಇಲ್ಲದ ಡಾಕರ್ ರ‍್ಯಾಲಿ ಇಂದು ಈ ಗಡಿಯಾಚೆಗಿನ ಮರಳಿನಲ್ಲಿ ಓಡುತ್ತಿದೆ. ಊರಿನ ಹೆಸರು ಸರಕಾಗಿ ಊರನ್ನೇ ಬಿಟ್ಟು ಹೋಗುವ ಈ ಪರಿ ಮೈಸೂರಿನ ಕತೆಯಲ್ಲಿ ಇನ್ನೊಮ್ಮೆ ಎದುರಾಗಲಿದೆ.

1960ರ ಹೊತ್ತಿಗೆ ಇರಾನಿ ಪಾರ್ಸಿ ಕುಟುಂಬವೊಂದು ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ತಾಂತ್ರಿಕ ನೆರವಿನೊಂದಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿತು. 1961ರಲ್ಲಿ ಉತ್ಪಾದನೆ ಶುರುವಾಯಿತು. ಆಗ ರಾಜ್ಯಪಾಲರಾಗಿದ್ದವರು ಹಿಂದಿನ ಮಹಾರಾಜ ಜಯಚಾಮರಾಜ ಒಡೆಯರ್. ಜಾವಾ ಎಂಬ ಹೆಸರು ಇಂಡೊನೇಷಿಯಾದ ದ್ವೀಪದಿಂದ ಬಂದದ್ದೆಂದು ಬಹಳ ಮಂದಿ ತಿಳಿದಿದ್ದರು. ವಾಸ್ತವದಲ್ಲಿ ಅದು ಯಾನೆಚೆಕ್ ಎಂಬ ಸ್ಥಾಪಕನ ಹೆಸರಿನ ಮೊದಲಕ್ಷರಗಳೂ ವಾಂಡರರ್ ಎಂಬ ಜರ್ಮನ್ ಬೈಕಿನ ಮೊದಲಕ್ಷರಗಳೂ ಕೂಡಿ ಆದದ್ದು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಅದು ಆ ಕುಟುಂಬದ ಮೂಲ ಊರಾದ ಇರಾನಿನ ಯಜ್ದ್ ನಗರದ ನೆನಪು. ಇರಾನಿನ ಊರಿನ ಹೆಸರು, ಜೆಕ್ ವಿನ್ಯಾಸ, ಮೈಸೂರಿನ ಕೈಗಳು. ವಲಸೆಯ ಬಗ್ಗೆ ಪುಟಗಟ್ಟಲೆ ಬರೆಯುವವರಿಗೆ ಈ ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲಿನ ಒಂದು ಪದವೇ ಸಾಕಾದೀತು.

ಯೆಜ್ಡಿಯ ಬುದ್ಧಿ ಕಾಣುವುದು ಅದರ ಎಡಗಾಲಿನ ಸನ್ನೆಯಲ್ಲಿ. ಕಿಕ್ಕರೂ ಗೇರಿನ ಲಿವರೂ ಒಂದೇ. ಒಳಕ್ಕೆ ಒತ್ತಿ ತಿರುಗಿಸಿದರೆ ಅದು ಕಿಕ್ಕರು. ಬೈಕು ಸ್ಟಾರ್ಟಾದ ಮೇಲೆ ಮುಂದಕ್ಕೆ ಮಡಿಚಿದರೆ ಗೇರು. ಗೇರು ಒತ್ತಿದಾಗ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡೂ ಅದರಲ್ಲಿತ್ತು. ಪಳಗಿದವರು ಎಡಗೈಯನ್ನು ಸುಮ್ಮನೆ ಇಟ್ಟುಕೊಂಡೇ ಗೇರು ಬದಲಿಸುತ್ತಿದ್ದರು. ಸಿಲಿಂಡರು ಒಂದೇ ಆದರೂ ಸೈಲೆನ್ಸರು ಎರಡು. ಬಂಕಿನಲ್ಲಿ ಪೆಟ್ರೋಲಿನ ಜೊತೆ ಅಳತೆ ನೋಡಿ ಆಯಿಲು ಸುರಿಸಬೇಕಿತ್ತು, ಏಕೆಂದರೆ ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಬೆರೆತ ಎಣ್ಣೆಯೇ ಜೀವ. ಚಾರ್ಮಾಡಿಯಂಥ ಘಟ್ಟದಲ್ಲಿ ಥ್ರಾಟಲ್ ಪೂರ್ತಿ ಬಿಟ್ಟು ಎಂಜಿನ್ನನ್ನೇ ಬ್ರೇಕಿನಂತೆ ಬಳಸಿ ಇಳಿದರೆ ಪೆಟ್ರೋಲಿನೊಂದಿಗೆ ಎಣ್ಣೆಯೂ ನಿಂತು ಪಿಸ್ಟನ್ನು ಕಚ್ಚಿಕೊಳ್ಳುವ ಭಯ. ಆದ್ದರಿಂದ ಇಳಿಜಾರಿನಲ್ಲೂ ಆಗಾಗ ಒಮ್ಮೆ ಥ್ರಾಟಲ್ ಕೊಡುವುದು ಹಳಬರ ರೂಢಿ. ಇದನ್ನು ಯಾವ ಕೈಪಿಡಿಯೂ ಕಲಿಸಲಿಲ್ಲ. ಗ್ಯಾರೇಜಿನ ಮೇಸ್ತ್ರಿಗಳು ಬಾಯಿಂದ ಬಾಯಿಗೆ ಕಲಿಸಿದರು. ಲಕ್ಷಣದ ಪ್ರಕಾರ ಅದು ಡ್ಯುಯಲ್ ಸ್ಪೋರ್ಟ್ ಅಲ್ಲ. ಸಸ್ಪೆನ್ಷನ್ನಿನ ಓಟ ಗಿಡ್ಡ, ಸೈಲೆನ್ಸರುಗಳು ನೆಲಕ್ಕೆ ಹತ್ತಿರ. ಆದರೂ ಕರ್ನಾಟಕದ ಮಣ್ಣು, ಕೆಸರು, ಕಲ್ಲುಗಳ ಮೇಲೆ ಮೂರು ದಶಕ ದುಡಿದ ಎರಡು ನೆಲದ ಬಂಡಿ ಯಾವುದೆಂದು ಕೇಳಿದರೆ ಉತ್ತರ ಇದೊಂದೇ.

1980ರ ದಶಕದ ನಡುವೆ ಜಪಾನಿ ಕಂಪನಿಗಳ ಜೊತೆಗೂಡಿ ತಯಾರಾದ 100 ಸಿ.ಸಿ. ಬೈಕುಗಳು ಬಂದವು. ಹೀರೋ ಹೋಂಡಾ ಸಿಡಿ-100 ಲೀಟರಿಗೆ ಕೊಡುತ್ತಿದ್ದ ಮೈಲೇಜಿನ ಎದುರು ಯೆಜ್ಡಿ ನಿಲ್ಲುವಂತಿರಲಿಲ್ಲ. ವೇಗ ಬೇಕಾದವರಿಗೆ ಯಮಹಾ ಆರ್‌ಎಕ್ಸ್-100 ಇತ್ತು. ಮಾಲಿನ್ಯದ ಕಟ್ಟಳೆಗಳು ಬಿಗಿಯಾದಂತೆ ಎರಡು ಸ್ಟ್ರೋಕಿನ ಎಂಜಿನ್ನಿಗೇ ಕಾಲ ಮುಗಿಯುತ್ತ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿದ ಪ್ರತಿಯೊಂದು ಕಾರ್ಖಾನೆಯ ಬಗ್ಗೆಯೂ ಹೇಳುವ ಒಂದು ಸಿದ್ಧ ಮಾತಿದೆ: ಯೂನಿಯನ್ನಿನಿಂದ ಹಾಳಾಯಿತು ಎಂಬುದು. ಯೆಜ್ಡಿಯ ಬಗ್ಗೆಯೂ ಅದನ್ನು ಹೇಳುತ್ತಾರೆ. ಲೈಸೆನ್ಸ್ ರಾಜ್ಯದ ಕಾಲದಲ್ಲಿ ಹಣ ಕಟ್ಟಿ ಬೈಕಿಗಾಗಿ ಕಾಯುವ ಗಿರಾಕಿ ಇದ್ದಾಗ ಹೊಸ ಎಂಜಿನ್ನಿಗೆ ಬಂಡವಾಳ ಹೂಡುವ ನಿರ್ಧಾರ ಕಾರ್ಮಿಕರ ಕೈಯಲ್ಲಿರಲಿಲ್ಲ ಎಂಬುದನ್ನು ಆ ಮಾತು ಮರೆಸುತ್ತದೆ. 1961ರ ವಿನ್ಯಾಸದ ಮೂಲ ಎಲುಬುಗಳನ್ನೇ ಇಟ್ಟುಕೊಂಡು 1990ರ ದಶಕದವರೆಗೆ ಬಂದ ಬೈಕನ್ನು ಸೋಲಿಸಲು ಮುಷ್ಕರ ಬೇಕಿರಲಿಲ್ಲ.

ಬಳಿಕದ ಕತೆ ಬೈಕಿಗಿಂತ ಅದರ ಹೆಸರಿಗೆ ಸಂಬಂಧಿಸಿದ್ದು. ಕಂಪನಿ ಸಮಾಪನೆಗೆ ಹೋಯಿತು. ಅದರ ಆಸ್ತಿ ನ್ಯಾಯಾಲಯದ ಅಧಿಕೃತ ಸಮಾಪಕರ ವಶಕ್ಕೆ ಬಂತು. 2018ರಲ್ಲಿ ಮಹೀಂದ್ರಾ ಸಮೂಹದ ಬಂಡವಾಳವಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಿತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು: ರೋಡ್‌ಸ್ಟರ್, ಸ್ಕ್ರ್ಯಾಂಬ್ಲರ್, ಅಡ್ವೆಂಚರ್ ಎಂಬ ಮೂರು ರೂಪಗಳಲ್ಲಿ. ಕೊನೆಯ ಎರಡು ಇಂದಿನ ಮಾತಿನ ವಿಷಯಕ್ಕೇ ಸೇರಿದವು. ಮೂರು ದಶಕ ಹೆಸರಿಲ್ಲದೆ ಮಣ್ಣಿನಲ್ಲಿ ದುಡಿದ ಬೈಕಿಗೆ ಕೊನೆಗೂ ಸಾಹಸದ ಬಿರುದು ಸಿಕ್ಕಿತು. ತಯಾರಾಗುವುದು ಮಾತ್ರ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಾಂಪುರದಲ್ಲಿ.

ಹೆಸರು ಯಾರದು? ಸ್ಥಾಪಕ ಕುಟುಂಬದವರು ಅದನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡಿದ್ದರು. ಹೊಸ ಕಂಪನಿ ಅದರ ಆಧಾರದಲ್ಲೇ ನಡೆಯಿತು. 2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಯೆಜ್ಡಿ ಎಂಬ ವ್ಯಾಪಾರ ಚಿಹ್ನೆ ಸಮಾಪನೆಯಲ್ಲಿರುವ ಐಡಿಯಲ್ ಜಾವಾ ಕಂಪನಿಗೇ ಸೇರಿದ್ದೆಂದು ತೀರ್ಪು ನೀಡಿತು. ತೀರ್ಪು ಮೇಲ್ಮನವಿಗೆ ಹೋಯಿತು. ಬೈಕುಗಳ ಮಾರಾಟ ನಿಲ್ಲಲಿಲ್ಲ. ಕಾನೂನಿನ ಸೂಕ್ಷ್ಮಗಳನ್ನು ವಕೀಲರಿಗೆ ಬಿಡಬಹುದು. ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ನಿಂತಿದೆ. 1956ರ ಕಂಪನಿ ಕಾಯ್ದೆಗೆ 1985ರಲ್ಲಿ ಸೇರಿಸಿದ 529ಎ ಕಲಮಿನ ಪ್ರಕಾರ, ಮುಳುಗಿದ ಕಂಪನಿಯ ಆಸ್ತಿಯಿಂದ ಹಣ ಬಂದಾಗ ಕಾರ್ಮಿಕರ ಬಾಕಿಗೆ ಅಡಮಾನ ಸಾಲ ಕೊಟ್ಟ ಬ್ಯಾಂಕುಗಳಿಗೆ ಸಮನಾದ ಆದ್ಯತೆ ಇದೆ. ಅಂದರೆ ಕಟ್ಟಡ, ಯಂತ್ರ, ನೆಲಗಳಂತೆ ಹೆಸರೂ ಕಂಪನಿಯ ಆಸ್ತಿಯಾಗಿ ಎಣಿಕೆಯಾದರೆ ಅದರ ಬೆಲೆಯಲ್ಲಿ ಲೇತ್ ಹಿಡಿದ, ಟ್ಯಾಂಕಿಗೆ ಬಣ್ಣ ಬಳಿದ, ಚಕ್ರದ ಕಡ್ಡಿ ಬಿಗಿದ ಮಂದಿಗೂ ಪಾಲು ಬರಬೇಕು. ಹೆಸರು ಕುಟುಂಬದ ನೆನಪಾಗಿಯಷ್ಟೇ ಉಳಿದರೆ ಪಾಲಿಲ್ಲ. ಇರಾನಿನ ಊರಿನ ನೆನಪು ಕುಟುಂಬದ್ದೇ, ಸಂಶಯವಿಲ್ಲ. ಆ ಪದವನ್ನು ಕೇಳಿದೊಡನೆ ಒಂದು ಶಬ್ದ, ಒಂದು ಹೊಗೆಯ ವಾಸನೆ, ಒಂದು ನಂಬಿಕೆ ಮನಸ್ಸಿಗೆ ಬರುವಂತೆ ಮಾಡಿದ್ದು ಯಾದವಗಿರಿಯ ಶಿಫ್ಟುಗಳು. ಹಳೆಯ ಬೈಕುಗಳ ಮೇಲಿನ ಪ್ರೀತಿಯನ್ನು ಮೆರವಣಿಗೆಯಲ್ಲಿ ತೋರಿಸುವ ಅಭಿಮಾನಿ ಬಳಗಗಳು ಬೆಂಗಳೂರು, ಮೈಸೂರುಗಳಲ್ಲಿ ಸಾಕಷ್ಟಿವೆ. ಆ ಪ್ರೀತಿ ಕ್ರೋಮಿಯಮ್ಮಿನಿಂದ ಸ್ವಲ್ಪ ಆಚೆಗೂ ಚಾಚಿ ಕಾರ್ಮಿಕರ ಬಾಕಿಯ ಲೆಕ್ಕವನ್ನೂ ಕೇಳಿದರೆ ಒಳ್ಳೆಯದು.

ಮತ್ತೆ ಈ ಮರಳಿಗೆ ಬರಬೇಕು. 1991ರಲ್ಲಿ ಯುಎಇ ಡೆಸರ್ಟ್ ಚಾಲೆಂಜ್ ಎಂದು ಆರಂಭವಾಗಿ ಬಳಿಕ ಅಬುಧಾಬಿ ಡೆಸರ್ಟ್ ಚಾಲೆಂಜ್ ಎನಿಸಿಕೊಂಡ ರ‍್ಯಾಲಿ ಅಲ್ ದಫ್ರಾದ ಈ ದಿಬ್ಬಗಳಲ್ಲೇ ಬೆಳೆದದ್ದು. ಲಿವಾದ ಬಳಿಯ ಮುರೈಬ್ ದಿಬ್ಬ ಸುಮಾರು 300 ಮೀಟರ್ ಎತ್ತರ. ಅದರ ಇಳಿಜಾರನ್ನು ಕೆಳಗಿನಿಂದ ನೋಡಿದರೆ ಗೋಡೆ ಎನಿಸುತ್ತದೆ. ಇಲ್ಲಿನ ದಿಬ್ಬಗಳ ಆಕಾರಕ್ಕೆ ಶಮಾಲ್ ಕಾರಣ. ವಾಯುವ್ಯದಿಂದ ಬೀಸುವ ಈ ಗಾಳಿ ಮರಳನ್ನು ನಿಧಾನವಾಗಿ ಏರಿಸಿ, ತುದಿಯಿಂದಾಚೆಗೆ ಕಡಿದಾಗಿ ಸುರಿಯುತ್ತದೆ. ಉತ್ತರದಿಂದ ಬರುವ ಸವಾರನಿಗೆ ಏರು ಸಲೀಸು, ನೆತ್ತಿಯಾಚೆ ನೆಲವೇ ಇಲ್ಲ. ನಡುಹಗಲಿನಲ್ಲಿ ನೆರಳು ಬೀಳದ ಹೊತ್ತು ಆ ಅಂಚು ಕಣ್ಣಿಗೆ ಕಾಣುವುದೂ ಇಲ್ಲ. ನೆತ್ತಿಯ ಹತ್ತಿರ ವೇಗ ಇಳಿಸದಿದ್ದರೆ ಬೈಕು ಹಾರುತ್ತದೆ. ಹೆಚ್ಚು ಇಳಿಸಿದರೆ ಹೂಳುತ್ತದೆ. ಇವೆರಡರ ನಡುವಿನ ಅಳತೆಯನ್ನು ಮೈಯೇ ಕಲಿಯಬೇಕು.

ಮರಳಿನ ಸವಾರಿಯಲ್ಲಿ ರಸ್ತೆಯ ಅಭ್ಯಾಸಗಳೆಲ್ಲ ತಿರುಗುಮುರುಗು. ರಸ್ತೆಯಲ್ಲಿ ಹೆದರಿದವನು ಥ್ರಾಟಲ್ ಬಿಡುತ್ತಾನೆ; ಮರಳಿನಲ್ಲಿ ಬಿಟ್ಟೊಡನೆ ಭಾರ ಮುಂದಿನ ಚಕ್ರಕ್ಕೆ ಬಿದ್ದು ಅದು ನೇಗಿಲಿನಂತೆ ಉಳುತ್ತದೆ. ಆದ್ದರಿಂದ ಪೆಡಲಿನ ಮೇಲೆ ನಿಂತು, ಮೈಯನ್ನು ಹಿಂದಕ್ಕೆ ಚಾಚಿ, ಎಂಜಿನ್ನಿನ ಎಳೆತ ತಪ್ಪದಂತೆ ನೋಡಿಕೊಳ್ಳಬೇಕು. ಟೈರಿನ ಗಾಳಿಯನ್ನು ರಸ್ತೆಯ ಅಳತೆಯ ಅರ್ಧದಷ್ಟಕ್ಕೆ ಇಳಿಸಿದರೆ ಟೈರು ಒಂಟೆಯ ಪಾದದಂತೆ ಅಗಲವಾಗಿ ಹರಡಿ ಮರಳಿನ ಮೇಲೆ ತೇಲುತ್ತದೆ. ನುಣ್ಣನೆಯ ಧೂಳು ಏರ್ ಫಿಲ್ಟರಿನಲ್ಲಿ ಕೂತರೆ ಎಂಜಿನ್ನು ಉಸಿರುಗಟ್ಟುತ್ತದೆ, ಒಳಗೆ ಹೋದರೆ ಸಿಲಿಂಡರನ್ನೇ ಉಜ್ಜಿ ತಿನ್ನುತ್ತದೆ. ಎಣ್ಣೆಯಲ್ಲಿ ಅದ್ದಿದ ಸ್ಪಂಜಿನ ಫಿಲ್ಟರನ್ನು ದಿನವೂ ತೊಳೆಯುವುದು ಆಡಂಬರವಲ್ಲ. ಹಳೆಯ ಡ್ಯುಯಲ್ ಸ್ಪೋರ್ಟುಗಳಿಗೆ ಇಲ್ಲಿ ಇನ್ನೊಂದು ಕಷ್ಟವಿದೆ. ಅವುಗಳ ಎಂಜಿನ್ನು ತಣಿಯುವುದು ಎದುರುಗಾಳಿಯಿಂದ. ಸಡಿಲ ಮರಳಿನಲ್ಲಿ ಬೈಕು ನಿಧಾನ, ಎಂಜಿನ್ನು ಮಾತ್ರ ಪೂರ್ತಿ ವೇಗ. 45 ಡಿಗ್ರಿಯ ಗಾಳಿ ಯಾರನ್ನೂ ತಣಿಸುವುದಿಲ್ಲ.

ಈ ಮರಳಿಗೆ ಕರ್ನಾಟಕದಿಂದ ಇಬ್ಬರು ಬಂದು ಹೆಸರು ಬರೆದು ಹೋಗಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2013ರ ಅಬುಧಾಬಿ ರ‍್ಯಾಲಿಯಲ್ಲಿ ಬಿದ್ದಾಗ ಬೈಕಿಗೆ ಬೆಂಕಿ ಹತ್ತಿ ಕುತ್ತಿಗೆ ಸುಟ್ಟಿತು. ಎರಡು ವರ್ಷದ ಬಳಿಕ, 2015ರಲ್ಲಿ, ದಕ್ಷಿಣ ಅಮೆರಿಕದಲ್ಲಿ ನಡೆದ ಡಾಕರನ್ನು ಪೂರೈಸಿದ ಮೊದಲ ಭಾರತೀಯರಾದರು, ಸ್ಥಾನ 36. ಕೋಲಾರದ ಬಳಿ ಮಣ್ಣಿನ ಸವಾರಿ ಕಲಿಸುವ ಮೈದಾನವೊಂದನ್ನೂ ಕಟ್ಟಿದರು. 2021ರ ಜನವರಿಯಲ್ಲಿ ಸೌದಿಯ ಡಾಕರ್‌ನಲ್ಲಿ ಮತ್ತೆ ಬಿದ್ದು, ತಲೆಗೆ ಪೆಟ್ಟಾಗಿ, ರಿಯಾದಿನ ಆಸ್ಪತ್ರೆಯಲ್ಲಿ ವೈದ್ಯರೇ ತಂದ ಕೋಮಾದಲ್ಲಿ ದಿನಗಳನ್ನು ಕಳೆದು ಬದುಕಿ ಬಂದರು. ಇಂಥ ಕತೆಗಳನ್ನು ಧೈರ್ಯದ ಕತೆಗಳೆಂದು ಮಾತ್ರ ಹೇಳುವುದು ರೂಢಿ. ಹೆಲಿಕಾಪ್ಟರು, ವಿಮೆ, ತಂಡದ ವೈದ್ಯರು ಇದ್ದೂ ಇಷ್ಟಾಗುತ್ತದೆ ಎಂಬುದನ್ನು ಕೊಂಚ ಹೊತ್ತು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನೊಬ್ಬರು ಐಶ್ವರ್ಯ ಪಿಸ್ಸೆ, ಬೆಂಗಳೂರಿನವರೇ. 2018ರಲ್ಲಿ ಸ್ಪೇನಿನ ರ‍್ಯಾಲಿಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟು ಮಾಡಿಕೊಂಡ ಅವರು ಮರುವರ್ಷ ಬಾಹಾ ವಿಶ್ವಕಪ್ಪಿಗೆ ಇಳಿದರು. ಮೊದಲ ಸುತ್ತು ನಡೆದದ್ದು ದುಬೈಯಲ್ಲಿ, ಗೆದ್ದದ್ದೂ ಇಲ್ಲೇ. ಪೋರ್ಚುಗಲ್, ಸ್ಪೇನ್, ಹಂಗೇರಿಗಳನ್ನು ದಾಟಿ 2019ರ ಆಗಸ್ಟಿನಲ್ಲಿ ಮಹಿಳೆಯರ ವಿಭಾಗದ ವಿಶ್ವಕಪ್ ಅವರದಾಯಿತು. ಮೋಟಾರು ಕ್ರೀಡೆಯಲ್ಲಿ ಭಾರತೀಯರೊಬ್ಬರಿಗೆ ಅದು ಮೊದಲ ವಿಶ್ವ ಪ್ರಶಸ್ತಿ. ಮಗಳು ಸ್ಕೂಟಿ ಓಡಿಸಿದರೆ ಸಾಕು, ಗೇರಿನ ಬೈಕು ಏಕೆ ಎನ್ನುವ ಮನೆಗಳು ಕರ್ನಾಟಕದಲ್ಲೂ ಇಲ್ಲಿಯ ಫ್ಲಾಟುಗಳಲ್ಲೂ ಕಡಿಮೆಯಾಗಿಲ್ಲ.

ಯಾರು ಯಾವ ಬೈಕು ಏರಬಹುದೆಂಬುದು ಭಾರತದಲ್ಲಿ ಇನ್ನೂ ಇತ್ಯರ್ಥವಾಗದ ಪ್ರಶ್ನೆ. 2025ರ ಫೆಬ್ರುವರಿಯಲ್ಲಿ ತಮಿಳುನಾಡಿನ ಶಿವಗಂಗೈ ಜಿಲ್ಲೆಯಲ್ಲಿ ದಲಿತ ವಿದ್ಯಾರ್ಥಿಯೊಬ್ಬನ ಕೈಗಳನ್ನು ಕಡಿಯಲಾಯಿತು. ಮೇಲ್ಜಾತಿಯವರ ಕಣ್ಣೆದುರು ಬುಲೆಟ್ ಓಡಿಸಿದ್ದೇ ಅದಕ್ಕೆ ಕಾರಣವೆಂದು ಅವನ ಮನೆಯವರು ದೂರಿದರು. ಕೈಗಳನ್ನೇ ಕಡಿದರು ಎಂಬುದನ್ನು ಗಮನಿಸಬೇಕು: ಹ್ಯಾಂಡಲ್ ಹಿಡಿಯುವುದು ಅವುಗಳಿಂದ. ಕುದುರೆ ಏರಿದ ಮದುಮಗನನ್ನು ಇಳಿಸುವ ಸಮಾಜಕ್ಕೆ ಪೆಟ್ರೋಲಿನ ಕುದುರೆಯೂ ಕುದುರೆಯೇ. ಎರಡು ನೆಲದ ಬಂಡಿ ಎಲ್ಲಿ ಬೇಕಾದರೂ ಹೋಗುತ್ತದೆ ಎಂದು ಜಾಹೀರಾತು ಹೇಳುತ್ತದೆ. ಊರಿನ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವುದಕ್ಕೆ ಸಸ್ಪೆನ್ಷನ್ನಿನ ಓಟ ಉದ್ದವಾದರೆ ಸಾಲದು.

ಮರುಭೂಮಿಯ ಪ್ರೇಮಿಗಳು ಆಗಾಗ ವಿಲ್ಫ್ರೆಡ್ ಥೆಸಿಗರ್ ಹೆಸರನ್ನು ಎತ್ತುತ್ತಾರೆ. 1940ರ ದಶಕದಲ್ಲಿ ಒಂಟೆಗಳ ಮೇಲೆ ರುಬ್ ಅಲ್ ಖಾಲಿಯನ್ನು ದಾಟಿ ಲಿವಾದವರೆಗೆ ಬಂದ ಈ ಆಂಗ್ಲ ಪ್ರವಾಸಿ, ಮೋಟಾರು ಬಂದದ್ದೇ ಬದುಗಳ ಸರ್ವನಾಶ ಎಂದು ನಂಬಿದ್ದ. ಅವನ ಜೊತೆ ಹಸಿದು ನಡೆದ ಬದುಗಳಿಗೆ ಮೋಟಾರು ಬೇಡವೆನಿಸಲಿಲ್ಲ. ಬರುವವರಿಗೆ ಹಸಿವು ಅನುಭವ. ಇದ್ದವರಿಗೆ ಅದು ಹಸಿವು. ಹಾಗೆಂದು ಚಕ್ರಕ್ಕೆ ಪಾಪವಿಲ್ಲವೆಂದೇನೂ ಅಲ್ಲ. ಜಲ್ಲಿ ಬಯಲಿನ ಮೇಲ್ಪದರ ಒಮ್ಮೆ ಚಕ್ರಕ್ಕೆ ಸಿಕ್ಕಿ ಒಡೆದರೆ ಅದರ ಗಾಯ ವರ್ಷಗಟ್ಟಲೆ ಮಾಯುವುದಿಲ್ಲ. ಧುಬ್ ಎಂಬ ಮುಳ್ಳುಬಾಲದ ಉಡದಂಥ ಪ್ರಾಣಿಯ ಬಿಲಗಳು ಅಲ್ಲೇ ಇರುವುದು. ದಿಬ್ಬದ ಸಡಿಲ ಮರಳು ರಾತ್ರಿಯ ಗಾಳಿಗೆ ಗುರುತನ್ನು ಅಳಿಸಿಕೊಳ್ಳುತ್ತದೆ, ಬಯಲು ಅಳಿಸಿಕೊಳ್ಳದು. ವಾರದ ರಜೆಗೆ ಬಾಡಿಗೆ ಬೈಕು ಹಿಡಿದು ಹೊರಡುವ ಗೆಳೆಯರಿಗೆ ಇಷ್ಟು ತಿಳಿದಿದ್ದರೆ ಸಾಕು.

ಎರಡೂ ನೆಲಗಳಲ್ಲಿ ಓಡುವ ಬಂಡಿಯನ್ನು ವಲಸಿಗನ ಬದುಕಿಗೆ ಹೋಲಿಸುವ ಆಸೆ ಸಹಜ. ಅಂಥ ಕವಿತೆಗಳು ಈಗಾಗಲೇ ಬಂದಿದ್ದರೂ ಆಶ್ಚರ್ಯವಿಲ್ಲ. ಆದರೆ ಎಲ್ಲ ವಲಸಿಗರೂ ಒಂದೇ ಬಂಡಿಯ ಮೇಲಿಲ್ಲ. ಈ ದೇಶದಲ್ಲಿ ಅತಿ ಹೆಚ್ಚು ಹೊತ್ತು ಮೋಟಾರು ಸೈಕಲ್ಲಿನ ಮೇಲೆ ಕಳೆಯುವವರು ರ‍್ಯಾಲಿಯವರೂ ಅಲ್ಲ, ವಾರಾಂತ್ಯದ ಸವಾರರೂ ಅಲ್ಲ. ಬೆನ್ನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಊಟ ತಲುಪಿಸುವ ಹುಡುಗರು. ಅವರ ಬೈಕು ರಸ್ತೆಯ ಸಾಧಾರಣ ಬೈಕು. ರಸ್ತೆಯ ಮೇಲೆ ಗಾಳಿ ತಂದು ಹಾಸಿದ ಮರಳಿನ ಪದರ ಆ ನುಣುಪು ಟೈರಿಗೂ ಸಿಗುತ್ತದೆ. ಅವರಿಗೆ ಪೆಡಲಿನ ಮೇಲೆ ನಿಂತು ಮೈ ಹಿಂದಕ್ಕೆ ಚಾಚಲು ಯಾರೂ ಕಲಿಸಿಲ್ಲ. ಹಿಂದೆ ಪೆಟ್ಟಿಗೆ ಇರುವುದರಿಂದ ಚಾಚಲು ಜಾಗವೂ ಇಲ್ಲ. ಮೇಲೆ ಹೆಲಿಕಾಪ್ಟರು ಹಾರುವುದಿಲ್ಲ.

2022ರ ಏಪ್ರಿಲ್ ಕೊನೆಗೆ ದುಬೈಯಲ್ಲಿ ಡೆಲಿವರೂ ಕಂಪನಿ ಒಂದು ಸಾಗಣೆಯ ಕೂಲಿಯನ್ನು 10.25 ದಿರ್ಹಮಿನಿಂದ 8.75 ದಿರ್ಹಮಿಗೆ ಇಳಿಸಿ, ದುಡಿಮೆಯ ಹೊತ್ತನ್ನು ದಿನಕ್ಕೆ 14 ಗಂಟೆಗೆ ಏರಿಸಲು ಹೊರಟಿತು. ಮುಷ್ಕರಕ್ಕೆ ಕಾನೂನಿನ ಅವಕಾಶವಿಲ್ಲದ, ಯೂನಿಯನ್ನು ಎಂಬುದೇ ಇಲ್ಲದ ನಾಡಿನಲ್ಲಿ ಸವಾರರು ಬೈಕುಗಳನ್ನು ಸಾಲಾಗಿ ನಿಲ್ಲಿಸಿ ಆರ್ಡರು ತೆಗೆದುಕೊಳ್ಳುವುದನ್ನು ಬಿಟ್ಟರು. ಫೋನಿನ ಗುಂಪುಗಳಲ್ಲಿ ಮಾತು ಹಬ್ಬಿತು. ಕಂಪನಿ ಆ ಬದಲಾವಣೆಯನ್ನು ತಡೆಹಿಡಿಯಿತು. ಕೆಲವೇ ದಿನಗಳಲ್ಲಿ ಇನ್ನೊಂದು ದೊಡ್ಡ ಕಂಪನಿಯ ಸವಾರರೂ ಏರಿದ ಪೆಟ್ರೋಲ್ ಬೆಲೆಯ ಎದುರು ಹೆಚ್ಚಿನ ಕೂಲಿ ಕೇಳಿ ಬೈಕು ನಿಲ್ಲಿಸಿದರು. ಯಾದವಗಿರಿಯ ಗೇಟಿನ ಮುಂದೆ ಬಾವುಟ ಕಟ್ಟಿ ಕೂಗಿದ ಪೀಳಿಗೆಗೆ ಇದು ಮುಷ್ಕರವೆಂದು ಗುರುತು ಸಿಗುವುದೂ ಕಷ್ಟ. ಇಲ್ಲಿ ಬಾವುಟವಿಲ್ಲ, ಘೋಷಣೆಯಿಲ್ಲ, ನಾಯಕನ ಹೆಸರಿಲ್ಲ. ಹೆಸರಿದ್ದರೆ ವೀಸಾ ಹೋಗುತ್ತದೆ.

ಆ ಬಳಿಕ ಒಂದಷ್ಟು ಬದಲಾಗಿದೆ. ಸವಾರರಿಗಾಗಿ ಎ.ಸಿ. ಹಾಕಿದ ತಂಗುಕೋಣೆಗಳು ನಗರಗಳಲ್ಲಿ ಬಂದಿವೆ. ಬಿಸಿಲಿನಲ್ಲಿ ಹೊರಗಿನ ದುಡಿಮೆಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3ರವರೆಗೆ, ತಡೆ ಇದೆ. ಆದರೆ ಊಟದ ಆರ್ಡರುಗಳು ಹೆಚ್ಚು ಬರುವ ಹೊತ್ತೂ ಅದೇ. ಎ.ಸಿ. ಕೋಣೆಯಲ್ಲಿ ಕುಳಿತವರು ಆ ಹೊತ್ತಿಗೆ ಹೊರಗೆ ಹೋಗಲು ಇಷ್ಟಪಡುವುದಿಲ್ಲವಲ್ಲ.

ಮದೀನತ್ ಜಾಯೆದ್‌ನ ಕಚೇರಿಗಳಿಂದ, ಹಬ್‌ಶಾನ್ ಕಡೆಯ ಕ್ಯಾಂಪುಗಳಿಂದ ಈ ಸಭೆಗೆ ಬಂದ ಗೆಳೆಯರಲ್ಲಿ ಇಂದು ಮಧ್ಯಾಹ್ನ ಫೋನಿನಲ್ಲಿ ಊಟ ತರಿಸಿಕೊಂಡವರೂ ಇದ್ದೀರಿ. ತಂದವನ ಭಾಷೆ ಮಲಯಾಳಂ, ಉರ್ದು, ಬಂಗಾಳಿ, ನೇಪಾಳಿ ಯಾವುದಾದರೂ ಆಗಿದ್ದೀತು. ತುಳುವೂ ಕನ್ನಡವೂ ಆಗಿದ್ದೀತು. ಬಾಗಿಲಲ್ಲಿ ಚೀಲ ಕೊಟ್ಟು ತಿರುಗುವಾಗ ಅವನ ಕಣ್ಣು ಫೋನಿನ ಮೇಲಿತ್ತು, ಮುಂದಿನ ಆರ್ಡರು ಬಂದಿತ್ತು. ಹೆಲ್ಮೆಟ್ಟಿನ ಒಳಗಿನಿಂದ ಬೆವರು ಇಳಿಯುತ್ತಿತ್ತು. ಕೆಳಗೆ ಅವನ ಬೈಕು ಎಂಜಿನ್ನು ನಿಲ್ಲಿಸದೆ ನಿಂತಿತ್ತು.